ಜೇಬಿನ ಬಟ್ಟೆಯ ಮೇಲೆ ಬರೆದ ನೋವು

ಬೆಳಗಿನ ಐದೂವರೆ. ಆಂಧ್ರದ ಗಡಿಯೊಳಗಿನ ರಾಯದುರ್ಗದ ಕೋಟೆಗುಡ್ಡಕ್ಕೆ ಇನ್ನೂ ಬೆಳಕು ಹತ್ತಿಲ್ಲ. ಕೆಳಗಿನ ಓಣಿಯಲ್ಲಿ ಮಾತ್ರ ಆಗಲೇ ನಾಲ್ಕೈದು ಮನೆಗಳಿಂದ ಹೊಲಿಗೆ ಮಿಷನ್ನುಗಳ ಸದ್ದು ಕೇಳುತ್ತಿದೆ. ಬಾಗಿಲಿಗೆ ಎದುರಾಗಿ ಹಾಕಿಕೊಂಡ ಮಿಷನ್ನಿನ ಮುಂದೆ ಕುಳಿತು ಸೌಮ್ಯ ಜೀನ್ಸ್ ಪ್ಯಾಂಟುಗಳಿಗೆ ಬೆಲ್ಟಿನ ಲೂಪು ಹೊಲಿಯುತ್ತಿದ್ದಾಳೆ. ಬಳ್ಳಾರಿಯ ರೈಲು ಹಿಡಿಯುವುದರೊಳಗೆ ನಲವತ್ತು ಪ್ಯಾಂಟು ಮುಗಿಯಬೇಕು. ಒಂದಕ್ಕೆ ಐದರಂತೆ ಇನ್ನೂರು ಲೂಪು. ಆಮೇಲೆ ಈಕೆ ಬೆರಳಿನ ನೀಲಿ ತೊಳೆದುಕೊಂಡು, ಜಡೆ ಹಾಕಿಕೊಂಡು, ಡಿಸೈನ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿನಿಯಾಗಿ ಹೊರಡುತ್ತಾಳೆ.

ಮೂವತ್ತನೆಯ ಪ್ಯಾಂಟಿನ ಹೊತ್ತಿಗೆ ಪಕ್ಕದ ಮನೆಯ ದುರುಗಕ್ಕ ಕುಂಟುತ್ತ ಬರುತ್ತಾರೆ. ವಯಸ್ಸು ಅರವತ್ತರ ಹತ್ತಿರ. ಹೊಲಿದ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುವುದು ಅವರ ಕೆಲಸ. ಹೊಸ್ತಿಲ ಮೇಲೆ ಕುಳಿತು ಹಿಮ್ಮಡಿ ಹಿಡಿದುಕೊಳ್ಳುತ್ತಾರೆ.

"ರಿವಿಟ್ ಬಡಿದಂಗ ಆಗತೈತವ್ವಾ ಇಲ್ಲಿ."

ಮಿಷನ್ನು ನಿಲ್ಲುತ್ತದೆ. "ಎದ್ದ ತಕ್ಷಣನಾ, ನಡೆದ ಮ್ಯಾಲಾ ದುರುಗಕ್ಕ?"

"ಎದ್ದು ಮೊದಲ್ನೇ ಹೆಜ್ಜಿ ಇಡ್ತೀನಲ್ಲ, ಆವಾಗ. ನಡದ್ರ ಕಮ್ಮಿ ಆಗತೈತಿ."

ಸೌಮ್ಯ ಕೈಚಾಚಿ ಒಂದು ತುಂಡು ಬಿಳಿ ಬಟ್ಟೆ ಎಳೆದುಕೊಳ್ಳುತ್ತಾಳೆ. ಪ್ಯಾಂಟಿನ ಜೇಬಿನ ಒಳಗೆ ಹಾಕುವ ಬಟ್ಟೆ ಅದು, ಕತ್ತರಿಸಿ ಉಳಿದದ್ದು. ಬಂಡಲ್‌ಗಳ ಮೇಲೆ ನಂಬರು ಬರೆಯುವ ಮಾರ್ಕರಿನಿಂದ ಒಂದು ಪಾದ, ಹಿಮ್ಮಡಿಯ ಕೆಳಗೆ ಜೀನ್ಸಿನ ಜೇಬಿನ ಮೂಲೆಗೆ ಬಡಿಯುವಂಥ ಒಂದು ರಿವಿಟ್, ಮೇಲೊಂದು ಸುತ್ತಿಗೆ ಬರೆಯುತ್ತಾಳೆ. ಒಡೆದ ಹಿಮ್ಮಡಿ, ಸವೆದ ಕಾಲುಂಗುರ, ದುರುಗಕ್ಕನದೇ ಪಾದ. "ಇಂಗೇನಾ?" ಎಂದು ತೋರಿಸುತ್ತಾಳೆ. ದುರುಗಕ್ಕ ಬಟ್ಟೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಇನ್ನೊಂದೀಟು ಒಳಗ" ಎನ್ನುತ್ತಾರೆ. ರಿವಿಟ್ ಒಂದು ಬೆರಳು ಒಳಗೆ ಸರಿಯುತ್ತದೆ. ಈಗ ಸರಿಹೋಯಿತು.

ಹೀಗೆ ಕೂಡಿಸಿದ ಚಿತ್ರಗಳು ಇವತ್ತಿಗೆ ನಲವತ್ತೊಂದು. ಎಲ್ಲವನ್ನೂ ಅಂಚು ಮಡಚಿ ಹೊಲಿದು, ಒಂದರ ಮೇಲೊಂದು ಜೋಡಿಸಿ ಸೌಮ್ಯ ಪುಸ್ತಕ ಮಾಡಿದ್ದಾಳೆ. ಅದರಲ್ಲಿ ಒಂದಕ್ಷರವೂ ಇಲ್ಲ. ಮೈಯಲ್ಲಿ ಎಲ್ಲಿ, ಹೇಗೆ, ಯಾವಾಗ ನೋಯುತ್ತದೆ ಎಂದು ಬೆರಳಿಟ್ಟು ಹೇಳಲು ಬೇಕಾದ ಚಿತ್ರಗಳಿವೆ, ಅಷ್ಟೇ.

ಸೌಮ್ಯಳದು ಮಡಕಶಿರಾ ಕಡೆಯ ಹಳ್ಳಿ. ಅಲ್ಲಿ ರಾಗಿ, ಹಿಪ್ಪುನೇರಳೆ. ಊರಿಗೇ ವ್ಯಾನು ಬಂದು ಹೆಣ್ಣುಮಕ್ಕಳನ್ನು ಗಾರ್ಮೆಂಟ್ಸಿಗೆ ಕರೆದೊಯ್ಯುತ್ತಿದ್ದ ವರ್ಷಗಳಲ್ಲಿ ಅವಳ ತಾಯಿ ಆದಿಲಕ್ಷ್ಮಿ ಬೆಂಗಳೂರು ಸೇರಿದರು. ಹನ್ನೊಂದು ವರ್ಷ ಅಂಗಿಗಳಿಗೆ ಕಾಲರು ಕೂಡಿಸಿದರು. ಕಾರ್ಖಾನೆ ಮುಚ್ಚಿದಾಗ, ಮನೆಯಲ್ಲೇ ಕುಳಿತು ಹೊಲಿಯುವ ಕೆಲಸ ಸಿಗುತ್ತದೆಂದು ಗೆಳತಿಯೊಬ್ಬಳು ಹೇಳಿದ ಮಾತು ನಂಬಿ ರಾಯದುರ್ಗಕ್ಕೆ ಬಂದರು. ತಂದೆ ಚಿತ್ತಪ್ಪ ಇಲ್ಲಿ ಬಂಡಲ್ ಸಾಗಿಸುವ ಆಟೊ ಓಡಿಸುತ್ತಾರೆ. ತಾಯಿ ಮಗಳ ಮಾತಿನಲ್ಲಿ ಇವತ್ತಿಗೂ ಮಡಕಶಿರಾ ಇದೆ. ಓಣಿಯ ಹೆಂಗಸರು ಅದನ್ನು ಅಣಕಿಸುತ್ತಾರೆ, ಇವರೂ ತಿರುಗಿ ಅಣಕಿಸುತ್ತಾರೆ.

ಚಿತ್ರದ ಹುಚ್ಚು ಎಲ್ಲಿಂದ ಬಂತೆಂದು ಕೇಳಿದರೆ ಆದಿಲಕ್ಷ್ಮಿ ನಗಲು ಶುರು ಮಾಡುತ್ತಾರೆ. ಬೆಂಗಳೂರಿನಲ್ಲಿದ್ದಾಗ ಅವರಿಗೆ ಹೆಗಲು ನೋವು. ಆಗ ಸೌಮ್ಯ ಒಂಬತ್ತನೇ ತರಗತಿ. ಜೊತೆಗೆ ಅವಳೂ ಆಸ್ಪತ್ರೆಗೆ ಹೋಗಿದ್ದಳು.

"ಹತ್ತಕ್ಕೆ ಎಷ್ಟಮ್ಮ ನೋವು ಅಂದ್ರು ಡಾಕ್ಟ್ರು. ಹತ್ತಕ್ಕೇ ಸಾರ್, ಟೀ ಕುಡ್ದು ಬಂದು ಕೂತ್ಮ್ಯಾಲೆ ಶುರುವಾಗ್ತೈತೆ ಅಂದೆ. ಅವ್ರು ಹತ್ತು ಅಂತ ಬರ್ಕಂಡೇ ಬಿಟ್ರು! ಅಂಗಾಗಿ ದೊಡ್ಡ ಸೂಜಿನೇ ಚುಚ್ಚಿದ್ರು."

ತಾಯಿ ಇದನ್ನು ತಮಾಷೆಯಾಗಿ ಹೇಳುತ್ತಾರೆ. ಮಗಳು ನಗುವುದಿಲ್ಲ. "ನಂಗೆ ಗೊತ್ತಾಗಿತ್ತು ಅಮ್ಮ ಹತ್ತು ಗಂಟೆ ಅಂತ ತಪ್ಪು ತಿಳ್ಕಂಡವ್ಳೆ ಅಂತ. ಬಾಯಿ ಬಿಡೋಕೆ ಭಯ ಆಯ್ತು" ಎನ್ನುತ್ತಾಳೆ.

ಕಾಲೇಜು ಸೇರಿದ ಮೇಲೆ ಅವಳಿಗೆ ಸಿಕ್ಕ ಮೊದಲ ಪ್ರಾಜೆಕ್ಟು ಆರೋಗ್ಯದ ಬಗ್ಗೆ ಒಂದು ಪೋಸ್ಟರ್. ಓಣಿಯ ಹೆಂಗಸರು ಮಿಷನ್ನು ಬಿಟ್ಟು ಏಳಬೇಕಾಗುತ್ತದೆಂದು ದಿನವಿಡೀ ನೀರೇ ಕುಡಿಯುವುದಿಲ್ಲ. ಅದಕ್ಕೆ ಒಬ್ಬ ಹೆಂಗಸು ನೀರು ಕುಡಿಯುವ ಚಿತ್ರ ಬರೆದಳು. ಹೊಳೆಯುವ ಗಾಜಿನ ಲೋಟ, ತಿದ್ದಿದ ಹುಬ್ಬು. ಕಾಲೇಜಿನಲ್ಲಿ ಒಳ್ಳೆಯ ಅಂಕ ಬಂತು. ಆ ಖುಷಿಯಲ್ಲಿ ತಂದು ಓಣಿಯ ಗೋಡೆಗೆ ಅಂಟಿಸಿದಳು. ದುರುಗಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಈಕಿ ಯಾರವ್ವಾ? ನಮ್ ಓಣಿಯಾಕಿ ಅಲ್ಲ ಬಿಡು. ಕೈ ನೋಡು, ಹಾಲಿನಂಗ ಅದಾವು. ಇಂಥಾಕಿ ನೀರು ಕುಡಿದ್ರೇನು, ಬಿಟ್ರೇನು?"

ಅವತ್ತು ಸೌಮ್ಯ ಊಟ ಮಾಡಲಿಲ್ಲವಂತೆ. ಮೂರು ದಿನ ದುರುಗಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ದಿನ ಹೋಗಿ ಅವರ ಪಕ್ಕದಲ್ಲಿ ಕುಳಿತು ದಾರ ಕತ್ತರಿಸತೊಡಗಿದಳು. ನಾಲ್ಕು ತಿಂಗಳು ಚಿತ್ರ ಬರೆಯಲಿಲ್ಲ. ದಾರ ಕತ್ತರಿಸುತ್ತ, ಗುಂಡಿ ಹಚ್ಚುತ್ತ, ಹೆಂಗಸರು ತಮ್ಮ ತಮ್ಮಲ್ಲಿ ಆಡುವ ಮಾತು ಕೇಳಿದಳು. ಕುತ್ತಿಗೆಯಲ್ಲಿ ದಾರ ಸುತ್ತುವ ಬಾಬಿನ್ ಸಿಕ್ಕಿಕೊಂಡಂತೆ. ಸೊಂಟಕ್ಕೆ ಇಸ್ತ್ರಿಪೆಟ್ಟಿಗೆ ಇಟ್ಟಂತೆ. ಕಣ್ಣೊಳಗೆ ನೀಲಿ ನಾರು ಹೊಕ್ಕಂತೆ. ಹೊಟ್ಟೆಯೊಳಗೆ ಯಾರೋ ಎಲಾಸ್ಟಿಕ್ ಎಳೆದು ಬಿಟ್ಟಂತೆ. ಅವಳ ನೋಟ್‌ಬುಕ್ಕಿನಲ್ಲಿ ಇಂಥ ಅರವತ್ತಮೂರು ಮಾತುಗಳಿವೆ.

"ಇಲ್ಲಿ ತೆಲುಗು ಎಲ್ರಿಗೂ ಬತ್ತೈತೆ" ಎನ್ನುತ್ತಾಳೆ ಸೌಮ್ಯ. "ಸಂತೇಲಿ ಚೌಕಾಸಿ ಮಾಡ್ತಾರೆ, ವಾರ್ಡ್ ಸಚಿವಾಲಯದ ಆಫೀಸಿಗೋಗಿ ಜಗಳ ಆಡ್ತಾರೆ, ಎಲ್ಲಾ ತೆಲುಗ್ನಾಗೇನೆ. ಆದ್ರೆ ಡಾಕ್ಟ್ರ ಮುಂದೆ ಕೂತ್ರೆ ನೋವು ತೆಲುಗ್ನಾಗೆ ಬರಾಕಿಲ್ಲ. ಸುಸ್ತು ಸಾರ್ ಅಂದು ಎದ್ದು ಬರ್ತಾರೆ."

ಮೊದಲು ಕಾಗದದ ಮೇಲೆ ಬರೆದಳು. ಎಣ್ಣೆ, ನಾರು, ನೀಲಿ ಬಣ್ಣ ಅಂಟಿಕೊಂಡು ಒಂದೇ ವಾರದಲ್ಲಿ ಹಾಳಾಯಿತು. ಆಗ ಜೇಬಿನ ಬಟ್ಟೆಯನ್ನು ತಂದು ಕೊಟ್ಟವರು ತಾಯಿ. ತೊಳೆದರೂ ಮಾರ್ಕರಿನ ಗೆರೆ ಹೋಗುವುದಿಲ್ಲ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆಸ್ಪತ್ರೆಗೆ ಹೋಗಬಹುದು.

ಆ ಪುಸ್ತಕದ ಹದಿನೇಳನೆಯ ಪುಟದಲ್ಲಿ ಒಂದು ವಿಚಿತ್ರ ಚಿತ್ರವಿದೆ. ಹೆಂಗಸೊಬ್ಬಳು ಮಿಷನ್ನಿನ ಮುಂದೆ ನೆಟ್ಟಗೆ ಕುಳಿತಿದ್ದಾಳೆ. ಚಕ್ರ ಜೋರಾಗಿ ತಿರುಗುತ್ತಿದೆ. ಸೂಜಿಯಲ್ಲಿ ದಾರವಿಲ್ಲ. ಬಟ್ಟೆ ಒಂದು ಹೊಲಿಗೆಯೂ ಬೀಳದೆ ಆಚೆ ಬದಿಗೆ ಹೋಗಿ ರಾಶಿಯಾಗುತ್ತಿದೆ. ಬೆಂಗಳೂರಿನ ಕೊನೆಯ ದಿನಗಳಲ್ಲಿ ತನಗೆ ಹೇಗಾಗುತ್ತಿತ್ತೆಂದು ಆದಿಲಕ್ಷ್ಮಿ ಹೇಳಿದ್ದನ್ನು ಮಗಳು ಹಾಗೇ ಬರೆದದ್ದು. ದುರುಗಕ್ಕ ಇದನ್ನು ಒಪ್ಪಿರಲಿಲ್ಲ. "ಇದ್ರಾಗ ನೋವು ಎಲ್ಲೈತಿ? ಕೈಗಿಲ್ಲ, ಕಾಲಿಗಿಲ್ಲ. ತೆಗದು ಹಾಕು" ಎಂದಿದ್ದರು. ತೆಗೆಯಬೇಕೆಂದೇ ಸೌಮ್ಯ ಎರಡು ಸಲ ಹೊಲಿಗೆ ಬಿಚ್ಚಲು ಕತ್ತರಿ ಹಿಡಿದಿದ್ದಳು.

ಹೋದ ಮಳೆಗಾಲದ ಒಂದು ಮಧ್ಯಾಹ್ನ, ಬೆಳುಗುಪ್ಪದಿಂದ ಮದುವೆಯಾಗಿ ಈ ಓಣಿಗೆ ಬಂದ ಶಿವಲಕ್ಷ್ಮಿ ಬಂಡಲ್ ಒಯ್ಯಲು ಬಂದರು. ವಯಸ್ಸು ಮೂವತ್ತೊಂದು, ಇಬ್ಬರು ಮಕ್ಕಳು. ಗಂಡ ದುಡಿಯಲು ಬೆಂಗಳೂರಿನಲ್ಲಿದ್ದಾರೆ. ಬಹಳ ದಿನಗಳಿಂದ ತಲೆನೋವೆಂದು ಅಂಗಡಿಯ ಮಾತ್ರೆ ನುಂಗುತ್ತಿದ್ದರು. ಮಿಷನ್ನಿನ ಮೇಲಿದ್ದ ಪುಸ್ತಕವನ್ನು ಸುಮ್ಮನೆ ತಿರುವತೊಡಗಿದರು. ಬಾಬಿನ್ನಿನ ಕುತ್ತಿಗೆ ಕಂಡು ನಕ್ಕರು. ಹದಿನೇಳನೆಯ ಪುಟಕ್ಕೆ ಬಂದು ನಿಂತರು.

"ನಾನು ಲೂಪು ಹೊಲೀತಿದ್ದೆ. ತಿರುಗಿ ನೋಡಿದ್ರೆ ಅಕ್ಕ ಬೆರಳಿಟ್ಕಂಡು ಕೂತವ್ಳೆ" ಎಂದು ಸೌಮ್ಯ ನೆನಪಿಸಿಕೊಳ್ಳುತ್ತಾಳೆ. "ಇದು ನಾನು ಅಂದ್ಲು. ಅಷ್ಟೇ. ಅಳ್ಲಿಲ್ಲ, ಏನಿಲ್ಲ. ಅದಕ್ಕೇ ನಂಗೆ ಜಾಸ್ತಿ ಭಯ ಆಗಿದ್ದು."

ಸೌಮ್ಯ ಮಿಷನ್ನು ಹಾಗೇ ಬಿಟ್ಟು ಎದ್ದಳು. ತಾಯಿಗೆ ಶಿವಲಕ್ಷ್ಮಿಯ ಮಕ್ಕಳನ್ನು ನೋಡಿಕೊಳ್ಳಲು ಹೇಳಿ, ಆ ಕ್ಷಣವೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾ. ರಘುನಾಥ್ ಕರಾವಳಿ ಆಂಧ್ರದ ಯುವಕ, ಕನ್ನಡ ಬಾರದು. ಶಿವಲಕ್ಷ್ಮಿ ಹದಿನೇಳನೆಯ ಪುಟ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಚಿತ್ರ ನೋಡಿದರು, ಮುಖ ನೋಡಿದರು, "ಎಷ್ಟು ದಿನದಿಂದಮ್ಮ?" ಎಂದು ತೆಲುಗಿನಲ್ಲಿ ಕೇಳಿದರು. ಉಗಾದಿಯಿಂದ ಎಂಬ ಉತ್ತರ ಬಂತು. ನರ್ಸನ್ನು ಮಾತ್ರ ಉಳಿಸಿಕೊಂಡು ಸೌಮ್ಯಳನ್ನು ಹೊರಗೆ ಕುಳಿತಿರಲು ಹೇಳಿದರು.

ಬಾಗಿಲು ತೆರೆಯಲು ನಲವತ್ತು ನಿಮಿಷ ಹಿಡಿಯಿತು. "ನಾನು ಬೊಂಬೆ ಬರೆಯೋಳು. ಯಾವ್ದೋ ಬಾಗ್ಲು ತೆಗೆದುಬಿಟ್ನಲ್ಲ, ಮುಚ್ಚೋಕೆ ನಂಗೆ ಬರಲ್ವಲ್ಲ ಅಂತ ಅನ್ನಿಸ್ತಿತ್ತು" ಎನ್ನುತ್ತಾಳೆ.

ಒಳಗೆ ಏನಾಯಿತೆಂದು ಪತ್ರಿಕೆಯಿಂದ ಬಂದ ನನಗೆ ಹೇಳಿದವರು ಸ್ವತಃ ಶಿವಲಕ್ಷ್ಮಿ, ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಮಗಳ ಲಂಗಕ್ಕೆ ಕೊಕ್ಕೆ ಹಚ್ಚುತ್ತ. "ಜೀವ ಬ್ಯಾಡ ಅನಸಿತ್ರಿ. ಯಾಕ ಅಂತ ಕೇಳಬ್ಯಾಡ್ರಿ, ಒಂದು ಕಾರಣ ಇದ್ರ ಹೇಳಬಹುದು. ಮುಂಜಾನಿ ಎದ್ದು ಎಲ್ಲಾ ಮಾಡತಿದ್ದೆ. ಅಡಿಗಿ, ಹೊಲಿಗಿ, ಮಕ್ಕಳ ಜಡಿ. ಒಂದೂ ನಾನು ಮಾಡಿದಂಗ ಇರತಿದ್ದಿಲ್ಲ. ಅದನ್ನ ಯಾವ ಬಾಯಿಲೆ ಹೇಳಾದು? ತಲಿನೋವು ಅಂತಿದ್ದೆ."

ಡಾಕ್ಟರು ಬಳ್ಳಾರಿಯ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಅದೇ ದಿನ ಬೆಂಗಳೂರಿನಿಂದ ಗಂಡನನ್ನು ಕರೆಸಿದರು. ಅವರು ಹದಿನೈದು ದಿನ ಜೊತೆಗಿದ್ದು ಕೆಲಸಕ್ಕೆ ಮರಳಿದ ಮೇಲೆ, ಬಳ್ಳಾರಿಗೆ ಹೋದ ಏಳು ಸಲವೂ ಸೌಮ್ಯ ಜೊತೆಗಿದ್ದಳು. ಹೇಗೂ ಕಾಲೇಜಿಗೆ ಹೋಗುವ ರೈಲು ಅದೇ.

"ರೈಲಿನಾಗ ಒಂದು ಮಾತು ಕೇಳಲಿಲ್ಲರಿ ಈ ಹುಡುಗಿ" ಎನ್ನುತ್ತಾರೆ ಶಿವಲಕ್ಷ್ಮಿ. "ಶೇಂಗಾ ಸುಲಿದು ಸುಲಿದು ನನ್ನ ಕೈಯಾಗ ಹಾಕತಿತ್ತು. ಬ್ಯಾಡ ಅಂದ್ರೂ ಹಾಕತಿತ್ತು. ಬಳ್ಳಾರಿ ಬರಾತನ ತಿಂತಿದ್ದೆ." ಈಗ ಮಾತ್ರೆಯ ಪ್ರಮಾಣ ಅರ್ಧಕ್ಕೆ ಇಳಿದಿದೆ. ನಿದ್ದೆ ಬರುತ್ತದೆ. ದಸರೆಯಿಂದ ಮತ್ತೆ ಹೊಲಿಯುತ್ತಿದ್ದಾರೆ.

ಇಷ್ಟರಲ್ಲಿ ಕಾಲೇಜಿನಲ್ಲಿ ಪ್ರಾಜೆಕ್ಟುಗಳ ಮೌಲ್ಯಮಾಪನ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಬಟ್ಟೆಪುಸ್ತಕವನ್ನು ತಿರುವಿದರು. ಗೆರೆ ಒರಟು ಎಂದರು, ಬಣ್ಣ ಯಾಕಿಲ್ಲ ಎಂದರು. ಕೊನೆಗೆ ಒಬ್ಬರು ಕೇಳಿದರು: ಇದರಿಂದ ಯಾರಿಗಾದರೂ ನಿಜವಾಗಿ ಉಪಯೋಗವಾಗಿದೆಯೇ? ಒಂದು ಉದಾಹರಣೆ ಕೊಡಮ್ಮ.

ಉದಾಹರಣೆ ಅವಳ ಬಳಿ ಇತ್ತು. ಆದರೆ ಆಸ್ಪತ್ರೆಯಿಂದ ಬರುವ ದಾರಿಯಲ್ಲಿ "ಯಾರ ಮುಂದೂ ಅನ್ನಬ್ಯಾಡ" ಎಂದು ಶಿವಲಕ್ಷ್ಮಿ ಕೈ ಹಿಡಿದು ಕೇಳಿಕೊಂಡಿದ್ದರು. ಉದಾಹರಣೆ ಕೊಡದೆ ಸೌಮ್ಯ ಪುಸ್ತಕ ಮಡಚಿಕೊಂಡಳು. ಹೆಸರು ಹೇಳದೆ ಹೇಳಬಹುದಿತ್ತಲ್ಲ ಎಂದು ನಾನು ಕೇಳಿದೆ. "ನಮ್ಮ ಓಣಿ ಹುಡುಗೀರು ಇನ್ನಿಬ್ರು ಅದೇ ಕಾಲೇಜು. ಗುರ್ತು ಹಿಡಿಯೋಕೆ ಹೆಸ್ರು ಯಾಕ್ ಬೇಕು?" ಎಂದಳು. ಬೇರೆಯವರ ಕೆಲಸಗಳು ಪ್ರದರ್ಶನಕ್ಕೆ ಆಯ್ಕೆಯಾಗಿ ಬೆಂಗಳೂರಿಗೆ ಹೋದವು. ಇವಳ ಪುಸ್ತಕ ನಡುವಿನ ಅಂಕ ಪಡೆದು ಮನೆಗೆ ಬಂತು.

"ಬೇಜಾರಾಗಲಿಲ್ಲವೇ?"

"ಆಯ್ತು. ರೈಲ್ನಾಗೆ ಅತ್ಕಂಡೇ ಬಂದೆ. ಯೋಳಿದ್ರೆ ಇನ್ನೂ ಜಾಸ್ತಿ ಬೇಜಾರಾಗಿರೋದು."

ಈ ಸಂಗತಿ ಶಿವಲಕ್ಷ್ಮಿಯ ಕಿವಿಗೆ ಬಿದ್ದದ್ದು ಹೋದ ತಿಂಗಳು, ಆದಿಲಕ್ಷ್ಮಿಯ ಬಾಯಿಂದ. ಪತ್ರಿಕೆಯವರು ಬಂದಿದ್ದಾರೆಂದು ತಿಳಿದು ಶಿವಲಕ್ಷ್ಮಿಯೇ ನನ್ನನ್ನು ಕರೆಸಿಕೊಂಡರು. ನಿಮ್ಮ ಹೆಸರು ಬದಲಿಸುತ್ತೇನೆ ಎಂದೆ. ಸೂಜಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಯಾಕ ಬದಲಸ್ತೀರಿ? ಅವತ್ತು ಬ್ಯಾಡ ಅಂದಾಕಿನೂ ನಾನ, ಇವತ್ತು ಬರೀರಿ ಅನ್ನಾಕಿನೂ ನಾನ. ಶಿವಲಕ್ಷ್ಮಿ ಅಂತ ಪೂರ್ತಿ ಹಾಕ್ರಿ."

ಪುಸ್ತಕದ ಪ್ರತಿಗಳು ಈಗ ಆರು. ಪ್ರತಿ ಪುಟವನ್ನೂ ಕೈಯಲ್ಲೇ ಬರೆಯಬೇಕು, ಒಂದು ಪ್ರತಿಗೆ ಹನ್ನೆರಡು ದಿನ. ಡಿ. ಹಿರೇಹಾಳಿನ ಆಶಾ ಕಾರ್ಯಕರ್ತೆಯೊಬ್ಬರು ಒಂದನ್ನು ಚೀಲದಲ್ಲಿಟ್ಟುಕೊಂಡು ಮನೆಮನೆ ತಿರುಗುತ್ತಾರೆ. ಮಡಕಶಿರಾಕ್ಕೆ ಹೋದ ಪ್ರತಿಯಲ್ಲಿ ರೇಷ್ಮೆಹುಳುವಿನ ತಟ್ಟೆ ಎತ್ತಿ ಹೆಗಲು ಹಿಡಿದುಕೊಂಡವರ ಚಿತ್ರಗಳು ಹೊಸದಾಗಿ ಸೇರಿವೆ. ಒಂದು ಪ್ರತಿ ರಾಯದುರ್ಗದ ಆಸ್ಪತ್ರೆಯ ಮೇಜಿಗೆ ದಾರದಿಂದ ಕಟ್ಟಿದೆ, ಯಾರೂ ಮರೆತು ಒಯ್ಯದಿರಲಿ ಎಂದು. ದಿನಕ್ಕೆ ಇಪ್ಪತ್ತು ಮಂದಿಯಾದರೂ ಅದರ ಮೇಲೆ ಬೆರಳಿಡುತ್ತಾರೆ ಎನ್ನುತ್ತಾರೆ ಡಾ. ರಘುನಾಥ್. "ಮೊದಲ ಮೂರು ಪ್ರಶ್ನೆ ನಾನು ಕೇಳಬೇಕಾಗಿಲ್ಲ. ನಾಲ್ಕನೆಯದರಿಂದ ಶುರು ಮಾಡುತ್ತೇನೆ."

ಆ ಪ್ರತಿಯನ್ನು ನಾನು ಹಿಂದುಮುಂದು ತಿರುಗಿಸಿ ನೋಡಿದೆ. ಬರೆದವರು ಯಾರೆಂಬ ಗುರುತು ಎಲ್ಲೂ ಇಲ್ಲ. ಸಂಜೆ ಸೌಮ್ಯಳ ಮನೆಗೆ ಬಂದು ಕೇಳಿದೆ: ಕೊನೆಯ ಪುಟದ ಮೂಲೆಯಲ್ಲಾದರೂ ನಿನ್ನ ಹೆಸರು ಹಾಕಿಕೊಳ್ಳಬಾರದಿತ್ತೇ?

ಅವಳು ಮಿಷನ್ನಿನ ಎಣ್ಣೆ ಒರೆಸುತ್ತಿದ್ದಳು.

"ಜಾಗ ಬಿಟ್ಟಿದ್ದೆ ಸಾರ್. ಅಲ್ಲಿಗೆ ಇನ್ಯಾರ್ದೋ ಮಂಡಿ ನೋವು ಬಂತು."