ಅವ್ವನ ಎಡಗೆನ್ನೆ

ಅಕ್ಕನ ಮದುವೆಯ ಆಲ್ಬಮ್ ಬಂದ ದಿನ ಅವ್ವ ಊಟ ಬಿಟ್ಟಳು. ಅಪ್ಪನ ರೈಲ್ವೆ ನೌಕರಿಗೆಂದು ಬಂದು ನೆಲೆಸಿದ್ದ ಟಾಲಿಗಂಜ್‌ನ ನಮ್ಮ ಬಂಗಾಳಿ ಓಣಿಯ ಸ್ಟುಡಿಯೊದವನು ಹೊಸದಾಗಿ ಕಂಪ್ಯೂಟರ್ ತಂದಿದ್ದ. ಚಿಕ್ಕಮ್ಮಾ ಎನ್ನುವ ಹಾಗೆ ‘ಮಾಶಿಮಾ’ ಎಂದು ಬಾಯ್ತುಂಬ ಕರೆಯುತ್ತಿದ್ದ ಪುಣ್ಯಾತ್ಮ, ಒಂದು ಮಾತೂ ಕೇಳದೆ ಅವ್ವನ ಮುಖದ ಸಿಡುಬಿನ ಕಲೆಗಳನ್ನೆಲ್ಲ ಅಳಿಸಿಬಿಟ್ಟಿದ್ದ.

“ಇಕಿ ಯಾರ? ನನ್ನ ಸೀರಿ ಉಟ್ಟಾಳ!” ಎಂದಳು ಅವ್ವ. ಮೊದಲೇ ಕ್ಯಾಮೆರಾ ಕಂಡರೆ ಮುಖಕ್ಕೆ ಸೆರಗೆಳೆದುಕೊಳ್ಳುವವಳು, ಇನ್ನು ಕೇಳಬೇಕೆ!

ಅಪ್ಪನ ರೈಲ್ವೆ ಗೆಳೆಯರ ಮಕ್ಕಳೆಲ್ಲ ಸಾಲ್ಟ್ ಲೇಕ್‌ನ ಸಾಫ್ಟ್‌ವೇರ್ ಕಂಪನಿಗಳಿಗೆ ಸೇರುತ್ತಿದ್ದ ಕಾಲ. ನಾನು ಮಾತ್ರ ಉಗುರಿಗೆಲ್ಲ ಮಸಿ ಮೆತ್ತಿಕೊಂಡು ಮುದ್ರಣಕಲೆ ಕಲಿಯುತ್ತಿದ್ದೆ. ಅದೇ ವಾರ ನಮ್ಮ ಮೇಷ್ಟ್ರು ಹತ್ತೊಂಬತ್ತನೆಯ ಶತಮಾನದ ಒಬ್ಬ ಹೆಂಗಸಿನ ಭಾವಚಿತ್ರ ತೋರಿಸಿದರು, ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ್ದು. ಬಟ್ಟೆಗೆ ಗೆರೆ, ಮುಖಕ್ಕೆ ಬರೀ ಚುಕ್ಕೆ. ಚುಕ್ಕೆ ದಟ್ಟವಾದಲ್ಲಿ ನೆರಳು, ವಿರಳವಾದಲ್ಲಿ ಬೆಳಕು. ಭೂತಗನ್ನಡಿ ಹಿಡಿದು ನೋಡುತ್ತೇನೆ, ಅಯ್ಯೋ ದೇವರೇ! ಕೆನ್ನೆಯ ಮೇಲೆ ಕೆಲವು ಚುಕ್ಕೆಗುಂಪುಗಳ ಮಗ್ಗುಲಿಗೆ ಸಣ್ಣ ಬಿಳಿ ಅಂಚು. ಅದು ನೆರಳಲ್ಲ, ಗುಳಿ. ಆ ಹೆಂಗಸಿಗೂ ಸಿಡುಬು! ಕೊರೆದವನು ಒಂದು ಕಲೆಯನ್ನೂ ಮುಚ್ಚಿಟ್ಟಿರಲಿಲ್ಲ.

ಅದರ ಜೆರಾಕ್ಸ್ ಹಿಡಿದು ಮನೆಗೆ ಓಡಿದೆ. ಅವ್ವ ಬಹಳ ಹೊತ್ತು ನೋಡಿದಳು.

“ಹೆಂಗ ಕುಂತಾಳ ನೋಡ, ಅಂಜಿಕೀನ ಇಲ್ಲ.”

“ನೀನೂ ಕುಂದ್ರವ್ವಾ, ನಾ ಕೊರೀತೀನಿ.”

“ನನಗೇನ ಹುಚ್ಚ ಹಿಡದೈತೇನ?” ಎನ್ನುತ್ತಲೇ ಕುರ್ಚಿಯನ್ನು ಕಿಟಕಿಯ ಹತ್ತಿರ ತಾನೇ ಎಳೆದುಕೊಂಡಳು. ಸೆರಗು ಕೆಳಗಿಳಿಯಿತು.

ಅವಳನ್ನು ನೋಡುತ್ತ ನೇರವಾಗಿ ತಗಡಿನ ಮೇಲೆಯೇ ಚುಕ್ಕೆ ಕೊರೆದೆ. ಎಡಗೆನ್ನೆಯ ದೊಡ್ಡ ಗುಳಿ ಸರಿಯಾಗಿ ಕೂತಾಗ ಕುಣಿದಾಡಿಬಿಟ್ಟೆ!

ಕಾಲೇಜಿನ ಯಂತ್ರದಲ್ಲಿ ಅಚ್ಚು ತೆಗೆದು ನೋಡಿದರೆ ಎಲ್ಲ ಕೆಟ್ಟಿತ್ತು. ಅಚ್ಚಿನಲ್ಲಿ ಎಲ್ಲವೂ ಎಡಬಲ ತಿರುಗಿ ಬರುತ್ತದೆ, ಅದಕ್ಕೇ ತಗಡಿನ ಮೇಲೆ ತಿರುಗಿಸಿ ಬರೆಯಬೇಕು. ಖುಷಿಯ ಭರದಲ್ಲಿ ಆ ಮೊದಲ ಪಾಠವನ್ನೇ ಮರೆತಿದ್ದೆ. ದೊಡ್ಡ ಗುಳಿ ಬಲಗೆನ್ನೆಗೆ ಹೋಗಿತ್ತು. ಸ್ಟುಡಿಯೊದವನ ಹಾಗೆ ನಾನೂ ಇನ್ಯಾರನ್ನೋ ಮಾಡಿಟ್ಟಿದ್ದೆ.

“ತಪ್ಪಾತವ್ವಾ, ಎಡಬಲ ಅದಲುಬದಲಾತು,” ಎಂದು ಅಳುತ್ತ ಮನೆಗೆ ತಂದು ಅವಳ ಮುಂದೆ ಹಿಡಿದೆ.

ಅವ್ವ ಬೆಳಕಿಗೆ ಹೋಗಿ ನೋಡಿದಳು. ತನ್ನ ಕೆನ್ನೆ ಮುಟ್ಟಿಕೊಂಡಳು.

“ಎಲ್ಲೈತಿ ತಪ್ಪು? ದಿನಾ ಕುಂಕುಮ ಹಚ್ಚಿಕೊಳ್ಳೂವಾಗ ಕನ್ನಡ್ಯಾಗ ಕಾಣಾಕಿ ಇಕೀನ.”

ಆಮೇಲೆ ಒಳಗಿದ್ದ ಅಪ್ಪನಿಗೆ ಕೇಳುವಂತೆ ಕೂಗಿದಳು: “ಏನ್ರೀ, ಲಗೂನ ಬರ್ರಿ! ನನ್ನ ಫೋಟೊ ಬಂದೈತಿ!”