ತಿಮ್ಮವ್ವ ನುಂಗಿಕೊಂಡ ಮಾತು

ಪಾಮನಕಲ್ಲೂರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ತಿಮ್ಮವ್ವನಿಗೆ ಅಳತೆ ಎಂಬುದು ಕೈಯಲ್ಲೇ ಇತ್ತು. ನೂರ ನಲವತ್ತು ಮಕ್ಕಳಿಗೆ ಎಷ್ಟು ಬೇಳೆ, ಎಷ್ಟು ಉಪ್ಪು ಎಂದು ಹದಿನಾರು ವರ್ಷಗಳಲ್ಲಿ ಅವಳು ಯಾರನ್ನೂ ಕೇಳಿದವಳಲ್ಲ. ಆದರೆ ಗಂಡ ಗದ್ದೆಪ್ಪನ ಊಟ ಮಾತ್ರ ಆ ಕೈಯಳತೆಗೆ ಬಹುಕಾಲ ಸಿಕ್ಕಿರಲಿಲ್ಲ. ಅವನು ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ. ವಾರವೆಲ್ಲ ಗಿರಣಿಯ ಶೆಡ್ಡಿನಲ್ಲೇ ಇದ್ದು ಶನಿವಾರ ಸಂಜೆ ಊರಿಗೆ ಬರುತ್ತಿದ್ದ. ಅಲ್ಲಿ ಮೂರು ಹೊತ್ತೂ ಬಿಳಿ ಅನ್ನ. ಚೀಲ ಹೊತ್ತು ಮೈ ಸೋತಾಗ ಬಾಯಿಗೊಂದು ಹೆಂಟೆ ಬೆಲ್ಲ, ಅದರ ಮೇಲೆ ಚಹಾ. ಇಪ್ಪತ್ತೆರಡು ವರ್ಷ ಇದೇ ನಡೆಯಿತು.

ಹಿಮ್ಮಡಿಯ ಬಿರುಕೊಂದು ಎರಡು ತಿಂಗಳಾದರೂ ಮಾಯದಿದ್ದಾಗ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಎಂದರು; ಅದೂ ಬಹಳ ಏರಿದೆ ಎಂದು ದಿನವೂ ನುಂಗಲು ಗುಳಿಗೆ ಕೊಟ್ಟರು. ಗದ್ದೆಪ್ಪನ ಅಣ್ಣನಿಗೆ ಇದೇ ಕಾಯಿಲೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. ಆ ಮನುಷ್ಯ ಹೊರಸಿನ ಮೇಲೆ ಕುಳಿತು, ಇಲ್ಲದ ಪಾದವನ್ನು ಕೆರೆಯಲು ಬಾಗುತ್ತಿದ್ದುದನ್ನು ತಿಮ್ಮವ್ವ ಒಂದು ವರ್ಷ ನೋಡಿದ್ದಳು. ಆಮೇಲೆ ಅವನ ಹೆಣವನ್ನೂ ನೋಡಿದ್ದಳು. ಗಂಡನನ್ನು ಎರಡು ಕಾಲಿನ ಮೇಲೆ ಉಳಿಸಿಕೊಳ್ಳಬೇಕು ಎಂಬುದೊಂದೇ ಅಂದಿನಿಂದ ಅವಳ ಹಟವಾಯಿತು. ಹಮಾಲಿ ಬಿಡಿಸಿ ಊರಿಗೆ ಕರೆತಂದಳು. ಮಸ್ಕಿಯ ಹತ್ತಿ ಗೋದಾಮೊಂದರಲ್ಲಿ ಹಗಲು ಕಾವಲಿನ ಕೆಲಸ ಸಿಕ್ಕಿತು.

ಮಸ್ಕಿಯಲ್ಲಿಯೇ ಗಾಯತ್ರಿ ಎಂಬ ಶಿಕ್ಷಕಿ ಬೆಳಗಿನ ಹೊತ್ತು ಹತ್ತು ದಿನಗಳ ಯೋಗ ಶಿಬಿರ ನಡೆಸುತ್ತಿದ್ದಳು. ತಿಮ್ಮವ್ವ ಗಂಡನನ್ನು ಎಳೆದುಕೊಂಡು ಹೋದಳು. ಬಂದವರಲ್ಲಿ ಧೋತರ ಉಟ್ಟವನು ಅವನೊಬ್ಬನೇ; ಮೊದಲ ದಿನವೇ ಶವಾಸನದಲ್ಲಿ ಗೊರಕೆ ಹೊಡೆದ. ಕ್ವಿಂಟಲ್ ತೂಕದ ಚೀಲವನ್ನು ಹಗುರಾಗಿ ಹೊರುತ್ತಿದ್ದ ಆ ಬೆನ್ನು, ಮುಂದೆ ಬಾಗಿ ಕಾಲ್ಬೆರಳು ಮುಟ್ಟು ಎಂದರೆ ಮೊಣಕಾಲಿನಲ್ಲಿಯೇ ನಿಂತುಬಿಡುತ್ತಿತ್ತು.

ಶಿಬಿರ ಮುಗಿದ ಮೇಲೆ ಅಭ್ಯಾಸ ಮನೆಯ ಮಾಳಿಗೆಯ ಮೇಲೆ ನಡೆಯಿತು. ಲಿಂಗಸುಗೂರಿನ ಮೊದಲ ಬಸ್ಸು ಊರು ದಾಟಿದ ಕೂಡಲೇ ಇಬ್ಬರೂ ಚಾಪೆ ಹಾಸಬೇಕು. ಅದು ತಿಮ್ಮವ್ವನ ಕಟ್ಟಳೆ. ಮೊದಲ ವಾರ ತಾಡಾಸನ ಒಂದೇ. ಎರಡನೆಯ ವಾರ ಅದಕ್ಕೆ ಇನ್ನೊಂದು. ಹೀಗೆ ಅವಳು ಎಳೆಯ ಮಗುವಿಗೆ ತುತ್ತು ಹೆಚ್ಚಿಸಿದಂತೆ ಹೆಚ್ಚಿಸುತ್ತ ಹೋದಳು. ಪಕ್ಕದ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸಲು ಬರುವ ಪಾರ್ವತೆಮ್ಮ, ಗದ್ದೆಪ್ಪ ಒಂಟಿ ಕಾಲಿನ ಮೇಲೆ ನಿಂತದ್ದನ್ನು ಕಂಡು, ಕೊಕ್ಕರೆಯೊಂದನ್ನು ಸಾಕಿದ್ದೀಯಾ ಎಂದು ತಿಮ್ಮವ್ವನನ್ನು ಛೇಡಿಸುತ್ತಿದ್ದಳು.

ಊಟವನ್ನೂ ಅವಳು ಹೀಗೆಯೇ ತಿದ್ದಿದಳು. ಮೊದಲು ರಾತ್ರಿಯ ಅನ್ನ ಹೋಗಿ ಜೋಳದ ರೊಟ್ಟಿ ಬಂತು. ಹದಿನೈದು ದಿನ ಬಿಟ್ಟು ಮಧ್ಯಾಹ್ನದ ಅನ್ನವೂ ಹೋಯಿತು. ರೊಟ್ಟಿಯ ಜೊತೆ ಮೆಂತೆಸೊಪ್ಪು, ಹೆಸರುಕಾಳು, ಗುರೆಳ್ಳು ಚಟ್ನಿ, ಹಸಿ ಸೌತೆಕಾಯಿ. ಚಹಾದ ಸಕ್ಕರೆ ವಾರಕ್ಕೆ ಅರ್ಧ ಚಮಚೆಯಂತೆ ಇಳಿಯಿತು.

"ನಾ ಏನ್ ಎತ್ತೇನಲೇ, ದಿನಾ ಸೊಪ್ಪು ಹಾಕಾಕತ್ತೀ?" ಎಂದು ಗದ್ದೆಪ್ಪ ತಟ್ಟೆ ದೂಡಿದ ಒಂದು ದಿನ.

"ಎತ್ತಾಗಿದ್ರ ಹೇಳಿದ್ ಮಾತರ ಕೇಳ್ತಿತ್ತು," ಎಂದು ಅವಳು ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು. ಅವನು ನಗುತ್ತ ಉಂಡ.

ಆದರೆ ಬೆಲ್ಲ ಬಿಡುವುದು ಅವನಿಗೆ ಸುಲಭವಾಗಲಿಲ್ಲ. ಬಿಸಿಲಿನಿಂದ ಬಂದವರಿಗೆ ಬೆಲ್ಲ, ನೀರು ಕೊಡದ ಮನೆ ಆ ಸೀಮೆಯಲ್ಲಿಲ್ಲ. ತಿಮ್ಮವ್ವ ತನ್ನ ಮನೆಯಲ್ಲಿ ಆ ಪದ್ಧತಿಯನ್ನೇ ನಿಲ್ಲಿಸಿದ್ದಳು. ಗದ್ದೆಪ್ಪ ಬೇರೆಯವರ ಬಾಗಿಲು ಹುಡುಕಿಕೊಂಡ. ಕೆಲಸದಿಂದ ಬರುವಾಗ ಪಾರ್ವತೆಮ್ಮನ ಕಟ್ಟೆಯ ಮೇಲೆ ಕುಸಿದು ಕುಳಿತು, ತಲೆ ತಿರುಗುತ್ತಿದೆ, ಕೈ ನಡುಗುತ್ತಿದೆ ಎಂದು ನಟಿಸುವುದು. ಆಕೆ ಗಾಬರಿಯಾಗಿ ಬೆಲ್ಲ ತಂದುಕೊಡುವುದು. ಹನ್ನೆರಡು ದಿನ ಈ ನಾಟಕ ನಡೆದ ಮೇಲೆ ಗುಟ್ಟು ರಟ್ಟಾಯಿತು. ತಿಮ್ಮವ್ವ ಬೈಯಲಿಲ್ಲ. ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಬೆಳಿಗ್ಗೆ ಚಾಪೆಯ ಮೇಲೆ ಅವಳ ಪಕ್ಕ ಕುಳಿತ ಗದ್ದೆಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, ಇನ್ನು ಸಿಹಿ ಮುಟ್ಟುವುದಿಲ್ಲವೆಂದು ಆಣೆ ಮಾಡಿದ. ಅಂದಿನಿಂದ ನಿಜವಾಗಿಯೂ ಮುಟ್ಟಲಿಲ್ಲ. ಮುದಗಲ್ಲಿನಲ್ಲಿ ಮಾಸ್ತರನಾಗಿರುವ ಮಗ ಕನಕರಾಯ ಯುಗಾದಿಗೆ ಬಂದಾಗ, ಹೋಳಿಗೆಯ ಎದುರು ಅಪ್ಪ ಝುಣಕ ರೊಟ್ಟಿ ಮುರಿಯುತ್ತಿದ್ದುದನ್ನು ನೋಡಿ ಬೆರಗಾದ.

ಎಂಟನೆಯ ತಿಂಗಳಿಗೆ ಹಿಮ್ಮಡಿ ಪೂರ್ತಿ ಮಾಯಿತು. ಲಿಂಗಸುಗೂರಿನಲ್ಲಿ ಮತ್ತೆ ರಕ್ತ ಪರೀಕ್ಷೆಯಾಯಿತು. ಸಕ್ಕರೆ ಚೆನ್ನಾಗಿ ಇಳಿದಿದೆ, ಇನ್ನೊಂದು ತಿಂಗಳು ನೋಡಿ ಗುಳಿಗೆ ಕಡಿಮೆ ಮಾಡೋಣ ಎಂದರು ವೈದ್ಯರು. ಗದ್ದೆಪ್ಪ ಈ ಸುದ್ದಿ ಹೇಳಲು ಹೊರಗೆ ಯಾರನ್ನೋ ಹುಡುಕಿಕೊಂಡು ಹೋಗಿದ್ದ. ಗುಳಿಗೆಯ ಸಾಲಿನಲ್ಲಿ ನಿಂತಿದ್ದ ತಿಮ್ಮವ್ವನಿಗೆ ಅಲ್ಲಿನ ನರ್ಸ್ ಒಂದು ಮಾತು ಹೇಳಿದಳು.

"ಯವ್ವ, ಕೈ ನಡುಗಿ ಬೆವರು ಕಿತ್ತುಕೊಂಡು ಬಂತಂದ್ರ ತಡ ಮಾಡಬ್ಯಾಡ್ರಿ. ಕೂಡ್ಲೆ ಒಂದೀಟು ಬೆಲ್ಲ ಬಾಯಾಗ ಹಾಕ್ರಿ. ಯಜಮಾನ್ರಿಗೂ ಹೇಳಿಡ್ರಿ."

ತಿಮ್ಮವ್ವ ತಲೆಯಾಡಿಸಿದಳು. ಬಸ್ಸಿನಲ್ಲಿ ಗಂಡನ ಪಕ್ಕ ಕುಳಿತಾಗ ಆ ಮಾತು ಅವಳ ಬಾಯಿಯವರೆಗೂ ಬಂದಿತ್ತು. ಪಾರ್ವತೆಮ್ಮನ ಕಟ್ಟೆಯ ಮೇಲಿನ ನಾಟಕ ನೆನಪಾಯಿತು. ಇದನ್ನು ಹೇಳಿದರೆ ನಾಳೆಯಿಂದಲೇ ಇವನ ಕೈ ನಡುಗತೊಡಗುತ್ತದೆ. ಎಂಟು ತಿಂಗಳ ಪಥ್ಯ ಹಾಳಾಗುತ್ತದೆ. ಹೇಗೂ ನಾನು ಜೊತೆಯಲ್ಲಿಯೇ ಇರುತ್ತೇನಲ್ಲ, ಹಾಗೇನಾದರೂ ಆದರೆ ನಾನೇ ಕೊಟ್ಟರಾಯಿತು ಎಂದುಕೊಂಡಳು. ಮಾತನ್ನು ನುಂಗಿಕೊಂಡಳು.

ಶ್ರಾವಣ ಬಂತು. ಶ್ರಾವಣದ ಒಂದು ಸೋಮವಾರ ಲಿಂಗಸುಗೂರಿನಿಂದ ಗುರುಗುಂಟಾದವರೆಗೆ ನಡೆದು ಹೋಗಿ ಅಮರೇಶ್ವರನ ದರ್ಶನ ಮಾಡುವುದು ಗದ್ದೆಪ್ಪನ ಹಳೆಯ ಹರಕೆ. ದರ್ಶನವಾಗುವವರೆಗೆ ಊಟ ಮಾಡುವಂತಿಲ್ಲ. ಗಿರಣಿಯ ಜೊತೆಗಾರ ಅಲ್ಲಾಭಕ್ಷ್ ಗುರುಗುಂಟಾದವನೇ. ಪ್ರತಿ ವರ್ಷವೂ ಇಬ್ಬರೂ ಲಿಂಗಸುಗೂರಿನಿಂದ ಜೊತೆಯಾಗಿ ನಡೆಯುತ್ತಿದ್ದರು. ಉಪವಾಸ ಮುರಿಯುವುದು ಅಲ್ಲಾಭಕ್ಷನ ಮನೆಯ ರೊಟ್ಟಿಯಿಂದಲೇ.

ತಿಮ್ಮವ್ವನಿಗೆ ಉಪವಾಸದ ಬಗ್ಗೆ ಹೆದರಿಕೆಯಾಗಲಿಲ್ಲ. ಒಂದು ದಿನ ಹೊಟ್ಟೆ ಖಾಲಿ ಇದ್ದರೆ ಸಕ್ಕರೆ ಇನ್ನಷ್ಟು ಇಳಿಯುತ್ತದೆ, ಒಳ್ಳೆಯದೇ ಆಯಿತು ಎಂದು ತಿಳಿದಳು. ಆ ಸೋಮವಾರ ಬೆಳಿಗ್ಗೆಯೂ ಆಸನ ತಪ್ಪಲಿಲ್ಲ. ಮಾಳಿಗೆಯಿಂದ ಇಳಿದ ಮೇಲೆ ದಿನದಂತೆ ಗುಳಿಗೆಯನ್ನು ತಾನೇ ಅವನ ಅಂಗೈಗೆ ಹಾಕಿ, "ಇದನ್ನ ಮಾತ್ರ ತಪ್ಪಿಸಬ್ಯಾಡ, ದೇವ್ರು ಏನ್ ಸಿಟ್ಟಾಗಲ್ಲ," ಎಂದಳು. ಗದ್ದೆಪ್ಪ ನೀರು ಕುಡಿದು, ಶಲ್ಯ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ.

ಮಧ್ಯಾಹ್ನ ಮಕ್ಕಳಿಗೆ ಬಡಿಸುತ್ತಿದ್ದಾಗ ಶಾಲೆಯ ಮಾಸ್ತರರ ಫೋನಿಗೆ ಕರೆ ಬಂತು. ದಾರಿಯಲ್ಲಿ ಬಿದ್ದ ಗದ್ದೆಪ್ಪನನ್ನು ಅಲ್ಲಾಭಕ್ಷ್ ಆಟೋದಲ್ಲಿ ಲಿಂಗಸುಗೂರಿಗೆ ತಂದಿದ್ದ. ತಿಮ್ಮವ್ವ ಹೋದಾಗ ಅವನಿಗೆ ಎಚ್ಚರವಿರಲಿಲ್ಲ. ಮರುದಿನ ಮಧ್ಯಾಹ್ನ ಅವನು ತೀರಿಕೊಂಡ. ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿ ನಡೆದದ್ದರಿಂದ ರಕ್ತದಲ್ಲಿನ ಸಕ್ಕರೆ ತೀರಾ ಕುಸಿದಿತ್ತು, ಬರುವಷ್ಟರಲ್ಲಿ ಬಹಳ ತಡವಾಗಿತ್ತು ಎಂದರು ವೈದ್ಯರು. ಶವದ ಮೇಲಿನ ಬಟ್ಟೆ ಸರಿದು ಅವನ ಪಾದಗಳು ಕಾಣುತ್ತಿದ್ದವು. ಎರಡೂ ಇದ್ದವು. ಹಿಮ್ಮಡಿಯಲ್ಲಿ ಬಿರುಕಿನ ಗುರುತೂ ಇರಲಿಲ್ಲ.

ಬಂದ ಬಂಧುಗಳೆಲ್ಲ ತಿಮ್ಮವ್ವನನ್ನು ಹೊಗಳಿದರು. ಕನಕರಾಯನಂತೂ, ಅಪ್ಪ ಈ ಎಂಟು ತಿಂಗಳು ನೆಟ್ಟಗೆ ನಡೆದಾಡಿದ್ದು ಅವ್ವನಿಂದ ಎಂದು ಎಲ್ಲರಿಗೂ ಹೇಳಿದ. ತನ್ನ ಶಾಲೆಯ ಮಕ್ಕಳಿಗೂ ಅವ್ವನ ಕಥೆ ಹೇಳಿದ್ದಾನೆಂದು ಅವಳಿಗೆ ತಿಳಿಯಿತು.

ತಿಂಗಳು ಕಳೆದ ಮೇಲೆ ಅಲ್ಲಾಭಕ್ಷ್ ಪಾಮನಕಲ್ಲೂರಿಗೆ ಬಂದ. ಅಂದು ದಾರಿಯಲ್ಲಿ ಏನೇನಾಯಿತು, ಒಂದನ್ನೂ ಬಿಡದೆ ಹೇಳು ಎಂದು ತಿಮ್ಮವ್ವ ಕೇಳಿಕೊಂಡಳು. ಅವನು ಹೇಳಿದ. ಮಳೆ ಬಾರದ ಬಿಸಿಲು. ಅರ್ಧ ದಾರಿಯಲ್ಲಿ ಗದ್ದೆಪ್ಪನ ಅಂಗಿ ಬೆವರಿಗೆ ತೊಯ್ದುಹೋಯಿತು, ಬೆರಳು ನಡುಗತೊಡಗಿದವು. ಅಲ್ಲಾಭಕ್ಷ್ ಅವನನ್ನು ಹೊಲದ ಮನೆಯೊಂದರ ನೆರಳಿನಲ್ಲಿ ಕೂರಿಸಿದ. ಆ ಮನೆಯ ಮುದುಕಿ ಕೇಳುವ ಮೊದಲೇ ತಂಬಿಗೆ ನೀರು, ಬೆಲ್ಲ ತಂದಿಟ್ಟಳು. ಗದ್ದೆಪ್ಪ ನೀರು ಮಾತ್ರ ಕುಡಿದ.

"ತಿನ್ನಲೇ, ಬೆಲ್ಲಕ್ಕ ಉಪವಾಸ ಕೆಡಲ್ಲ ಅಂದೆ, ಅಕ್ಕ," ಎಂದ ಅಲ್ಲಾಭಕ್ಷ್. "ಉಪವಾಸಕ್ಕಲ್ಲ ಲೇ ಭಕ್ಷ್ಯಾ ಅಂದ. ಆಕಿ ತಲಿ ಮ್ಯಾಲ ಕೈಯಿಟ್ಟೀನಿ, ಎಂಟು ತಿಂಗಳ ಆಕಿ ಕಷ್ಟಾನ ಒಂದ್ ತುಣುಕಿಗೆ ಕೆಡಸಲ್ಲ ಅಂದ. ನಾ ಬಾಯಿಗೆ ತುರುಕಬೇಕಿತ್ತು, ಅಕ್ಕ. ಹಟ ಮಾಡಾಕತ್ತಾನ ಅಂತ ಬಿಟ್ಟೆ."

ತಿಮ್ಮವ್ವ ಅವನನ್ನು ಸಮಾಧಾನ ಮಾಡಿದಳು. ತಪ್ಪು ನಿನ್ನದಲ್ಲ ಎಂದಳು. ಯಾರದು ಎಂಬುದನ್ನು ಅವನಿಗೆ ಹೇಳಲಿಲ್ಲ.

ಮುಂದಿನ ಭಾನುವಾರ ಕನಕರಾಯ ಬಂದ. ಅಪ್ಪನಂತೆ ತಾನೂ ಅನ್ನ ಬಿಟ್ಟಿದ್ದೇನೆ, ನಾಳೆಯಿಂದ ನಿನ್ನ ಹತ್ತಿರ ಆಸನ ಕಲಿಯುತ್ತೇನೆ, ಅದಕ್ಕೇ ಎರಡು ದಿನ ರಜೆ ಹಾಕಿದ್ದೇನೆ ಎಂದ. ಅವನು ಉಂಡು ಮುಗಿಸುವವರೆಗೆ ತಿಮ್ಮವ್ವ ಕಾದಳು. ಆಮೇಲೆ ನರ್ಸ್ ಹೇಳಿದ್ದು, ಬಸ್ಸಿನಲ್ಲಿ ತಾನು ನುಂಗಿಕೊಂಡದ್ದು, ಸೋಮವಾರದ ಗುಳಿಗೆ, ಮುದುಕಿ ತಂದಿಟ್ಟದ್ದು, ಎಲ್ಲವನ್ನೂ ಒಂದೇ ಸಮನೆ ಹೇಳಿದಳು. ಕನಕರಾಯನ ಎಂಜಲು ಕೈ ತಟ್ಟೆಯ ಮೇಲೆಯೇ ಒಣಗಿತು.

"ಅಪ್ಪಗ ಅದೊಂದು ಮಾತು ಹೇಳಬೇಕಿತ್ತಲ್ಲ, ಅವ್ವ."

"ಹೇಳಬೇಕಿತ್ತು."

ಅವನು ಕೈ ತೊಳೆದು, ಬಿಚ್ಚದೆ ಇಟ್ಟಿದ್ದ ಚೀಲವನ್ನು ಎತ್ತಿಕೊಂಡ. ಲಿಂಗಸುಗೂರಿಗೆ ಹೋಗುವ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ನಿಲ್ದಾಣದ ಕಲ್ಲಿನ ಮೇಲೆ ಅವನು ಮನೆಗೆ ಬೆನ್ನು ಮಾಡಿ ಕುಳಿತದ್ದು ಮನೆಯ ಬಾಗಿಲಿನಿಂದ ಕಾಣುತ್ತಿತ್ತು. ತಿಮ್ಮವ್ವ ಕರೆಯಲಿಲ್ಲ. ಬಸ್ಸು ಬಂದು ಅವನನ್ನು ಹತ್ತಿಸಿಕೊಂಡು ಹೋಗುವವರೆಗೆ ಬಾಗಿಲಲ್ಲಿಯೇ ನಿಂತಿದ್ದಳು.