ನಮಿತಾ ಸ್ಟಾಪ್

ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದರು. ಬಾಯಿಯ ಎಡಮೂಲೆಯಲ್ಲಿ ಸೂಜಿ, ಬಲಮೂಲೆಯಲ್ಲಿ ಮಾತು. ಹೊಸದಾಗಿ ರವಿಕೆ ಹೊಲಿಸಲು ಬಂದವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದಿದ್ದರೂ ಮರ್ಯಾದೆಗೆ ತಲೆಯಾಡಿಸಿ ಹೋಗಿ, ವಾರ ಕಳೆದು ಬೆನ್ನು ಆಳವಾಯಿತು, ತೋಳು ಉದ್ದವಾಯಿತು ಎಂದು ಜಗಳಕ್ಕೆ ಬರುತ್ತಿದ್ದರು. "ನಾನು ಕೇಳಿದ್ದೆ, ನೀವು ಹ್ಞೂಂ ಅಂದಿರಿ" ಎಂದು ಅವರು ತಣ್ಣಗೆ ಹೇಳುವಾಗಲೂ ಸೂಜಿಗಳು ಅಲ್ಲೇ ಇರುತ್ತಿದ್ದವು. ಕೊನೆಗೆ ಗೊಣಗುತ್ತಲೇ ಬಿಚ್ಚಿ, ಸರಿ ಮಾಡಿ ಕೊಡುತ್ತಿದ್ದರು.

ಅಲೆವೂರಿನಲ್ಲಿ ನಮ್ಮ ಮನೆಯಿಂದ ಬಸ್ಸಿಗೆ ಹೋಗುವ ತಿರುವಿನಲ್ಲಿ ಅವರ ಅಂಗಡಿ. ಒಂದು ಶಟರು, ಒಂದು ಹೊಲಿಗೆ ಯಂತ್ರ, ಕಾಯುವವರಿಗೆ ಒಂದು ಬೆಂಚು. ಮೇಲೆ ‘ನಮಿತಾ ಟೈಲರ್ಸ್’ ಎಂಬ ಬೋರ್ಡು. ನಮ್ಮ ಕಡೆ ಅಂಗಡಿಯ ಹೆಸರೇ ಅಂಗಡಿಯವರ ಹೆಸರು. ಗಣೇಶ್ ಸ್ಟೋರಿನವರು ಗಣೇಶಣ್ಣ, ಲಕ್ಷ್ಮೀ ಕ್ಯಾಂಟೀನಿನವರು ಲಕ್ಷ್ಮಿಯಕ್ಕ. ಅವರ ನಿಜವಾದ ಹೆಸರು ಬೇರೆ ಉಂಟೆಂದು ತಿಳಿಯುವುದು ಅವರ ಮಕ್ಕಳ ಮದುವೆಯ ಕಾಗದ ಕೈಗೆ ಬಂದಾಗಲೇ. ಅವರೂ ತಿದ್ದುವ ಗೋಜಿಗೆ ಹೋಗುವುದಿಲ್ಲ. ವ್ಯಾಪಾರ ನಡೆದರೆ ಸಾಕು. ಹಾಗೆ ಇವರು ಊರಿಗೆಲ್ಲ ನಮಿತಕ್ಕ.

ಅವರು ತೀರಿಕೊಂಡಾಗ ಕಾರ್ಕಳದಲ್ಲಿರುವ ಅವರ ಅಣ್ಣನ ಮಗ ಬಂದು ತಿರುವಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಿದ. ಹಳೆಯ ಫೋಟೋ, ತೆಳ್ಳಗಿನ ಮುಖ, ಕೆಳಗೆ ಹೆತ್ತವರು ಇಟ್ಟ ಹೆಸರು. ಅವರಿಂದಲೇ ವರ್ಷಗಟ್ಟಲೆ ರವಿಕೆ ಹೊಲಿಸಿಕೊಂಡ ಹೆಂಗಸರು ಅದರ ಕೆಳಗೆ ನಿಂತು ಬಸ್ಸಿಗೆ ಕಾಯುತ್ತಾ, ಯಾರಪ್ಪಾ ಇವರು, ಈ ಕಡೆಯವರಾ ಎಂದು ವಿಚಾರಿಸಿದರು. ನನಗೆ ಸಿಟ್ಟು ಬಂತು, ಆದರೆ ಯಾರ ಮೇಲೆಂದು ಗೊತ್ತಾಗಲಿಲ್ಲ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತಾಗುವುದಿಲ್ಲ.

ನಾನು ಮದುವೆಯಾಗಿ ಈ ಊರಿಗೆ ಬರುವಷ್ಟರಲ್ಲಿ ಬೋರ್ಡಿನ ಹೆಸರು ಬಸ್ ಸ್ಟಾಪಿಗೂ ಅಂಟಿಕೊಂಡಿತ್ತು. ಮೊದಲು ಅದಕ್ಕೆ ಹೆಸರೇ ಇರಲಿಲ್ಲವಂತೆ. ಕಂಡಕ್ಟರುಗಳಿಗೆ ಕೂಗಲು ಏನಾದರೂ ಬೇಕಲ್ಲ, ಕಣ್ಣಿಗೆ ಕಂಡದ್ದನ್ನು ಕೂಗಿದರು: ನಮಿತಾ, ನಮಿತಾ, ನಮಿತಾ ಇಳಿಯುವವರು ಬನ್ನಿ. ಆಮೇಲೆ ರಿಕ್ಷಾ ನಿಲ್ದಾಣ ಬಂತು, ಅದು ನಮಿತಾ ಪಾರ್ಕು. ಮಣಿಪಾಲದಲ್ಲಿ ಕಲಿಯುವ ಹುಡುಗರಿಗೆ ಬಾಡಿಗೆಗೆ ಕೊಡಲು ಯಾರೋ ನಾಲ್ಕು ಅಂತಸ್ತಿನ ಕಟ್ಟಡ ಕಟ್ಟಿ, ಇದೇ ಜಾಗದ ಹೆಸರೆಂದು ತಿಳಿದು ‘ನಮಿತಾ ರೆಸಿಡೆನ್ಸಿ’ ಎಂದು ಬರೆಸಿದರು. ಈಗ ಮೊಬೈಲಿನ ನಕಾಶೆಯಲ್ಲೂ ಅದೇ ಉಂಟು. ಕಟ್ಟಡದ ಹಿಂದಿನ ಓಣಿಯ ಒಂದು ಮನೆಯಲ್ಲಿ ನಾಯಿಗೂ ಅದೇ ಹೆಸರು ಇಟ್ಟಿದ್ದರು. ಅದನ್ನು ಮಾತ್ರ ನಮಿತಕ್ಕ ಸಹಿಸಲಿಲ್ಲ. ಹೋಗಿ ಹೇಳಿ ಬದಲಾಯಿಸಿ ಬಂದರು. ತನ್ನ ಹೆಸರಾದ್ದರಿಂದ ಬೇಸರವಾಯಿತೆಂದು ಜನ ನಕ್ಕರು.

ಪಕ್ಕದ ಚಹಾದ ಹೋಟೆಲಿನಲ್ಲಿ ಪೇಪರ್ ಓದುವ ಹಿರಿಯರೊಬ್ಬರಿದ್ದರು. ಯಾವ ಊರಿನ ಹೆಸರು ಎಲ್ಲಿಂದ ಬಂತೆಂದು ಹೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಹೊಸದಾಗಿ ಬಂದ ಹುಡುಗರಿಗೆ ಒಂದು ದಿನ, ನಮಿತಾ ಎಂಬುದು ಕಾರ್ಕಳದ ಜೈನ ಅರಸರ ಕಾಲದ ಹೆಸರು, ಇಲ್ಲಿ ಒಬ್ಬ ರಾಣಿಯ ತೋಟವಿತ್ತು ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಈಚೆ ಅಂಗಡಿಯಲ್ಲಿ ಯಂತ್ರ ತುಳಿಯುತ್ತಿದ್ದ ನಮಿತಕ್ಕ ಒಂದು ಕ್ಷಣ ಕಾಲು ನಿಲ್ಲಿಸಿ, "ಹೌದಾ?" ಎಂದರು. ಮತ್ತೆ ತುಳಿಯತೊಡಗಿದರು. ನನಗೆ ಆಗ ನಗು ಬಂದಿತ್ತು. ಸತ್ಯ ಗೊತ್ತಾದ ಮೇಲೆ ಆ ‘ಹೌದಾ’ ನೆನಪಾದಾಗ ನಗು ಬರಲಿಲ್ಲ.

ಗೊತ್ತಾದದ್ದು ಹೀಗೆ. ಒಂದು ಸಂಜೆ ಮಣಿಪಾಲದಲ್ಲಿ ಕೆಲಸ ಮುಗಿಸಿ ಬಸ್ಸಿಳಿದು, ಎಂದಿನಂತೆ ಹೊರಗಿನಿಂದಲೇ "ನಮಿತಕ್ಕಾ, ನನ್ನ ಬ್ಲೌಸ್ ಆಯಿತಾ?" ಎಂದು ಕೇಳುತ್ತ ಒಳಗೆ ಹೋದೆ. ಬೆಂಚಿನಲ್ಲಿ ಗುರುತಿಲ್ಲದ ಮುದುಕಿಯೊಬ್ಬರು ಕುಳಿತಿದ್ದರು. ಕಾಪುವಿನಿಂದ ನಮಿತಕ್ಕನನ್ನು ನೋಡಲು ಬಂದ ಹಳೆಯ ನೆರೆಮನೆಯವರು. ನನ್ನ ಮಾತು ಕೇಳಿ ಅವರ ಮುಖ ಬಿಳುಚಿಕೊಂಡಿತು. ನಮಿತಕ್ಕ ನನ್ನ ರವಿಕೆ ಹುಡುಕಲು ಒಳಕೋಣೆಗೆ ಹೋದದ್ದೇ, ಆಕೆ ನನ್ನ ಕೈ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದರು.

"ಅವಳನ್ನು ಎಂತಕ್ಕೆ ಹಾಗೆ ಕರೆಯುವುದು ನೀವು? ಅದು ಅವಳ ಹೆಸರಲ್ಲ. ಸತ್ತುಹೋದ ಮಗಳ ಹೆಸರು."

ಆ ದಿನ ರವಿಕೆಯನ್ನು ಹೇಗೆ ತೆಗೆದುಕೊಂಡು ಬಂದೆನೋ ತಿಳಿಯದು. ಆಮೇಲೆ ನನ್ನ ನಾಲಿಗೆಗೆ ಆ ಹೆಸರು ಬರಲಿಲ್ಲ. ಬರೀ ‘ಅಕ್ಕ’ ಎಂದು ಕರೆದು ಜಾರಿಕೊಳ್ಳುತ್ತಿದ್ದೆ. ಅವರಿಗೆ ಅದು ಗೊತ್ತಾಗದೆ ಇರುತ್ತದೆಯೇ? ಬಟ್ಟೆಯಲ್ಲಿ ಒಂದು ಎಳೆ ಸರಿದರೂ ಕಾಣುವ ಕಣ್ಣು ಅವರದು. ಕೆಲವು ದಿನ ನೋಡಿದರು. ಬಳಿಕ ಒಮ್ಮೆ ನನ್ನ ಭುಜದ ಅಳತೆ ತೆಗೆಯುತ್ತಾ, ಹಿಂದಿನಿಂದ ಕೇಳಿದರು.

"ಎಂತ, ನನ್ನ ಹೆಸರು ಮರೆತುಹೋಯಿತಾ?"

ಅವರು ಟೇಪನ್ನು ಇನ್ನೊಂದು ಭುಜಕ್ಕೆ ಎಳೆದರು.

"ಕಾಪುವಿನವಳು ಹೇಳಿದಳು ಅಲ್ವಾ? ಹೇಳಲಿ. ನೀನು ಮಾತ್ರ ಮೊದಲಿನ ಹಾಗೆಯೇ ಕರಿ ಮಾರಾಯ್ತಿ. ನೀನು ಬಿಟ್ಟರೆ ಅವಳನ್ನು ಕರೆಯುವವರಲ್ಲಿ ಒಬ್ಬರು ಕಡಿಮೆ ಆದ ಹಾಗೆ."

ನಮ್ಮ ಮನೆಮಾತು ಕೊಂಕಣಿ, ಅವರದು ತುಳು. ನಮ್ಮಿಬ್ಬರ ನಡುವೆ ಇದ್ದದ್ದು ಕನ್ನಡ. ಬಹುಶಃ ಅದರಿಂದಲೇ ಅವರಿಗೆ ನನ್ನೊಡನೆ ಹೇಳಲು ಸುಲಭವಾಯಿತು. ಮನೆಯ ಮಾತಿನಲ್ಲಿ ಹೇಳಲಾಗದ್ದನ್ನು ಹೊರಗಿನ ಮಾತಿನಲ್ಲಿ ಸ್ವಲ್ಪ ದೂರ ನಿಂತು ಹೇಳಬಹುದು.

ಹುಡುಗಿ ಎರಡನೆಯ ತರಗತಿಯಲ್ಲಿದ್ದಳಂತೆ. ಕಾಪುವಿನ ಮನೆಯಲ್ಲಿ ಜ್ವರ ಬಂತು, ಎಲ್ಲ ಮಕ್ಕಳಿಗೆ ಬರುವ ಹಾಗೆ. ಅದು ತಲೆಗೆ ಏರಿತು. ಗಂಡ ಮಸ್ಕತ್ತಿನಲ್ಲಿದ್ದವರು ಬಂದು ಮುಟ್ಟುವಾಗ ಎಲ್ಲ ಮುಗಿದಿತ್ತು. ಅವರು ಮತ್ತೆ ಹೋದರು, ಹೋದವರು ಅಲ್ಲೇ ಇನ್ನೊಂದು ಬದುಕು ಮಾಡಿಕೊಂಡರು. ಆ ಮನೆಯಲ್ಲಿ ಮಗಳ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಇವರಿಗೆ ನೋವಾಗಬಾರದೆಂದು ಅತ್ತೆ, ನಾದಿನಿ, ನೆರೆಕರೆಯವರೆಲ್ಲ ಸೇರಿ ಆ ಹೆಸರನ್ನು ನುಂಗಿಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಇವರಿಗೆ ಅದೇ ತಡೆಯಲಾಗದಾಯಿತು. ಮಗಳು ಹುಟ್ಟಲೇ ಇಲ್ಲವೇನೋ ಎಂಬ ಹಾಗೆ ಇದ್ದರಂತೆ ಎಲ್ಲರೂ. ಹೊಲಿಗೆ ಯಂತ್ರವನ್ನು ಟೆಂಪೋದಲ್ಲಿ ಹಾಕಿಕೊಂಡು ಅಲೆವೂರಿಗೆ ಬಂದುಬಿಟ್ಟರು.

ಅಂಗಡಿಗೆ ದೇವಿಯ ಹೆಸರನ್ನು ಇಡುವುದೆಂದು ಯೋಚಿಸಿದ್ದರು. ಬೋರ್ಡು ಬರೆಯುವವನು ಬ್ರಷ್ ಅದ್ದಿಕೊಂಡು ಹೆಸರೇನೆಂದು ಕೇಳಿದಾಗ ಬಾಯಿಯಿಂದ ಬಂದದ್ದು ಇದು. ಅವನು ಕೇಳಿದಷ್ಟೇ ಬರೆದ. ಮರುದಿನ ಮೊದಲ ಗಿರಾಕಿ ಒಳಗೆ ಬಂದು "ನಮಿತಕ್ಕಾ" ಎಂದರು. ಎಷ್ಟೋ ಕಾಲದ ಮೇಲೆ ಆ ಹೆಸರು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅಲ್ಲವೆಂದು ಹೇಳಲು ಅವರಿಗೆ ಮನಸ್ಸು ಬರಲಿಲ್ಲ.

"ತಿದ್ದಬೇಕಾದರೆ ಅವಳು ಇಲ್ಲ ಅಂತ ಹೇಳಬೇಕಾಗಿತ್ತು" ಎಂದರು ನನಗೆ.

ಹೀಗೆ ತಾಯಿಗೆ ಮಗಳ ಹೆಸರು ಬಂತು. ಅವರ ಸ್ವಂತ ಹೆಸರು ಹಿಡಿದು ಕರೆಯುತ್ತಿದ್ದವರು ಕಾರ್ಕಳದ ಅಣ್ಣ ಒಬ್ಬರೇ. ಆ ಅಣ್ಣ ತೀರಿಕೊಂಡ ಮೇಲೆ ಆ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು. ನನಗೆ ಒಮ್ಮೊಮ್ಮೆ ಅನಿಸುವುದಿತ್ತು, ಇಷ್ಟು ದೊಡ್ಡ ಹೆಂಗಸು ತನ್ನನ್ನೇ ಇಲ್ಲವಾಗಿಸಿಕೊಂಡು ಆ ಸಣ್ಣ ಹುಡುಗಿಗೆ ಜಾಗ ಬಿಟ್ಟುಕೊಟ್ಟದ್ದು ಸರಿಯೇ ಎಂದು. ಕೇಳುವ ಧೈರ್ಯವಾಗಲಿಲ್ಲ. ಸಂಜೆ ಬಸ್ಸುಗಳ ಗಲಾಟೆಯಲ್ಲಿ ಕಂಡಕ್ಟರು ಕೂಗಿದಾಗಲೆಲ್ಲ ಅವರ ತಲೆ ಒಂದಿಷ್ಟು ಮೇಲೇಳುತ್ತಿತ್ತು. ಅದನ್ನು ಗಮನಿಸುವುದು ನನಗೂ ರೂಢಿಯಾಗಿಬಿಟ್ಟಿತು.

ನಾನು ಬಸುರಿಯಾದೆ. ಹೆಣ್ಣು ಹುಟ್ಟಿದರೆ ಆ ಹೆಸರನ್ನೇ ಇಡಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡೆ. ಗಂಡನೂ ಒಪ್ಪಿದರು. ನಮಿತಕ್ಕನಿಗೆ ಸಂತೋಷವಾಗುತ್ತದೆ, ಬಸ್ ಸ್ಟಾಪಿಗಿಂತ ಮಗುವಿಗಿಟ್ಟ ಹೆಸರು ಹೆಚ್ಚು ಕಾಲ ಬಾಳುತ್ತದೆ ಎಂದೆಲ್ಲ ಲೆಕ್ಕ ಹಾಕಿಕೊಂಡು, ಹೇಳಲು ಹೋದೆ. ಮಗುವಿಗೆಂದು ಹಳೆಯ ಮೆತ್ತನೆ ವಾಯಿಲ್ ಸೀರೆಯಲ್ಲಿ ಜಬಲಾಗಳನ್ನು ಹೊಲಿಯುತ್ತಿದ್ದರು. ನನ್ನ ಮಾತು ಕೇಳಿ ಯಂತ್ರ ನಿಂತಿತು. ತುಟಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಅವರ ಬಾಯಿ ಖಾಲಿ ಇರುವುದನ್ನು ನಾನು ನೋಡಿದ್ದೇ ಕಡಿಮೆ.

"ಬೇಡ" ಎಂದರು. "ಬೋರ್ಡಿಗೆ ಇರಲಿ, ಬಸ್ ಸ್ಟಾಪಿಗೆ ಇರಲಿ, ನನಗೂ ಇರಲಿ. ಮಗುವಿಗೆ ಬೇಡ. ನೀನು ಆ ಹೆಸರು ಹಿಡಿದು ಕರೆಯುವಾಗ ಬೇರೆ ಮಗು ಓಡಿ ಬಂದರೆ ನಾನು ಎಂತ ಮಾಡುವುದು?"

ಇಬ್ಬರೂ ಅತ್ತೆವು. ಆಮೇಲೆ ಅವರೇ ಎದ್ದು ಪಕ್ಕದ ಹೋಟೆಲಿನಿಂದ ಚಹಾ ತರಿಸಿದರು, ಬಸುರಿ ಹೆಂಗಸು ಅಳಬಾರದೆಂದು ನನ್ನನ್ನೇ ಗದರಿದರು.

ಮಗಳಿಗೆ ಬೇರೆ ಹೆಸರಿಟ್ಟೆವು. ಅವರು ಆ ಹೆಸರು ಹಿಡಿದೂ ಕರೆಯಲಿಲ್ಲ. ‘ಬಾಲೆ’ ಎನ್ನುತ್ತಿದ್ದರು, ತುಳುವಿನಲ್ಲಿ ಮಗು ಎಂದು. ನಾನು ಕೆಲಸಕ್ಕೆ ಹೋದರೆ ಅವಳು ಬೆಳೆದದ್ದು ಆ ಅಂಗಡಿಯ ಬೆಂಚಿನಲ್ಲಿ, ಬಟ್ಟೆಯ ಚೂರುಗಳ ನಡುವೆ. ತುಳು ಕಲಿತದ್ದು ಅಲ್ಲಿ. ಶಾಲೆಯ ಯೂನಿಫಾರ್ಮು ಪ್ರತಿವರ್ಷ ಅವರದೇ ಕೈಯದು, ಬೇರೆ ಕಡೆ ಹೊಲಿಸಿದರೆ ಅವರಿಗೆ ಅವಮಾನ. ಪ್ರೀತಿ ಕಡಿಮೆಯೆಂದು ಹೇಳಲಾರೆ. ಆದರೆ ಎತ್ತಿ ಮುದ್ದಿಸುತ್ತಿರಲಿಲ್ಲ. ಅಳತೆ ತೆಗೆಯುವಾಗ ಮಾತ್ರ ಮುಟ್ಟುತ್ತಿದ್ದರು. ಎಲ್ಲೋ ಒಂದು ಗೆರೆ ಹಾಕಿಕೊಂಡಿದ್ದರು, ಅದನ್ನು ದಾಟಿದರೆ ತನ್ನ ಮಗಳಿಗೆ ಅನ್ಯಾಯವಾಗುತ್ತದೆ ಎಂಬ ಹಾಗೆ. ನಾನೂ ಅದನ್ನು ಮೆಟ್ಟಲು ಹೋಗಲಿಲ್ಲ.

ಮೊಣಕಾಲು ಸೋತ ಮೇಲೆ ಅಂಗಡಿ ಬಿಟ್ಟರು. ಅಲ್ಲೀಗ ಮೊಬೈಲ್ ರಿಪೇರಿ ಮಾಡುತ್ತಾರೆ, ಬೋರ್ಡು ಬೇರೆ. ಸ್ಟಾಪಿನ ಹೆಸರು ಹಾಗೆಯೇ ಉಳಿಯಿತು. ಓಣಿಯ ಬಾಡಿಗೆ ಕೋಣೆಯಲ್ಲಿ ರಸ್ತೆಯ ಕಡೆಯ ಕಿಟಕಿಗೆ ಯಂತ್ರವನ್ನು ಎಳೆದು ಹಾಕಿಸಿಕೊಂಡು, ಗೊತ್ತಿರುವ ನಾಲ್ಕು ಮನೆಯವರಿಗೆ ಹೊಲಿಯುತ್ತಿದ್ದರು. ಆ ಕಿಟಕಿಗೆ ಬೆಳಕು ಏನೂ ಬರುತ್ತಿರಲಿಲ್ಲ. ಬಸ್ಸಿನವರು ಕೂಗುವುದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ಕಳೆದ ವರ್ಷ ಮಳೆ ಬಿಡುವ ಹೊತ್ತಿಗೆ ಪಾರ್ಶ್ವವಾಯು ಹೊಡೆಯಿತು. ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಬಲಗೈ ಬಲಗಾಲು ಹೋಗಿತ್ತು, ಕಣ್ಣು ಮುಚ್ಚಿದ್ದರು. ಸಂಜೆ ಆಫೀಸು ಮುಗಿಸಿ, ಶಾಲೆಯಿಂದ ಬಂದ ಮಗಳನ್ನು ಯೂನಿಫಾರ್ಮಿನಲ್ಲೇ ಕರೆದುಕೊಂಡು ವಾರ್ಡಿಗೆ ಹೋದೆ. ನರ್ಸ್ ಹುಡುಗಿ ಹಾಸಿಗೆಯ ಬಳಿ ಬಗ್ಗಿ ಅವರ ಹೆಸರು ಹಿಡಿದು ಕರೆಯುತ್ತಿದ್ದಳು, ಆಧಾರ್ ಕಾರ್ಡಿನ ಹೆಸರು. ಬೆಳಿಗ್ಗೆಯಿಂದ ಕರೆಯುತ್ತಿದ್ದೇವೆ, ಪ್ರಜ್ಞೆ ಇಲ್ಲ ಎಂದಳು ನನ್ನನ್ನು ಕಂಡು.

ಆ ಹೆಸರಿಗೆ ಓಗೊಡುವ ರೂಢಿ ಅವರಿಗೆ ತಪ್ಪಿಹೋಗಿದೆ, ನಮಿತಾ ಎಂದು ಕರೆದು ನೋಡಿ ಎಂದೆ. ನರ್ಸ್ ಒಂದು ಗಳಿಗೆ ನನ್ನ ಮುಖ ನೋಡಿದಳು. ಮತ್ತೆ ಬಗ್ಗಿ, ನಮಿತಾ, ನಮಿತಾ ಎಂದು ಜೋರಾಗಿ ಕರೆದಳು.

ಅವರು ಕಣ್ಣು ತೆರೆದರು. ನರ್ಸನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹಾಸಿಗೆಯ ಕಾಲ ಬದಿಯಲ್ಲಿ ಬ್ಯಾಗು ಹೊತ್ತು ನಿಂತಿದ್ದ ಮಗಳ ಮೇಲೆ ಕಣ್ಣು ನಿಂತಿತು. ತುಟಿ ಒಂದು ಕಡೆಗೆ ಎಳೆದಿತ್ತು. ಆದರೂ ಆ ಹೆಸರು ತಪ್ಪಿಲ್ಲದೆ ಬಂತು.

"ನಮಿತಾ."

ಯಾರದೋ ಹೆಸರಿಗೆ ಓಗೊಡು ಎಂದು ನಾನು ಮಗಳಿಗೆ ಕಲಿಸಿರಲಿಲ್ಲ, ಓಗೊಡಬೇಡ ಎಂದೂ ಹೇಳಿರಲಿಲ್ಲ. ಅವಳು ನನ್ನ ಕಡೆ ತಿರುಗಿಯೂ ನೋಡದೆ, "ಬಂದೆ ಅಮ್ಮ" ಎಂದು ತುಳುವಿನಲ್ಲಿ ಹೇಳಿ ಹತ್ತಿರ ಹೋದಳು. ಅವರ ಎಡಗೈ ನಿಧಾನವಾಗಿ ಬಂದು ಅವಳ ಸ್ಕರ್ಟಿನ ಅಂಚನ್ನು ಹಿಡಿಯಿತು. ಹೆಬ್ಬೆರಳಿನಿಂದ ಒಳಗಿನ ಮಡಿಕೆಯನ್ನು ಸವರಿ ನೋಡಿದರು. ಹೊಲಿದದ್ದು ಅವರೇ, ಶಾಲೆ ಶುರುವಾಗುವಾಗ. ಮುಖದ ಒಂದು ಬದಿ ನಕ್ಕಿತು.

"ಗಿಡ್ಡ ಆಯಿತಲ್ಲ ಮಗಾ" ಎಂದರು, ಅವರದೇ ಭಾಷೆಯಲ್ಲಿ. "ಎಷ್ಟು ಉದ್ದ ಆಗಿದ್ದೀ ನೀನು. ತೆಗೆದಿಡು, ಮಡಿಚಿದ್ದನ್ನು ಬಿಚ್ಚಿ ಇಳಿಸಿ ಕೊಡುತ್ತೇನೆ."

ಮಗಳು ಬ್ಯಾಗು ಕೆಳಗಿಟ್ಟು, ಕಾಲು ಜೋಡಿಸಿ, ಅಳತೆ ಕೊಡುವಾಗ ನಿಲ್ಲುವ ಹಾಗೆ ನೆಟ್ಟಗೆ ನಿಂತಳು. ಅವರಾಗಿ ಬಿಡುವವರೆಗೂ ಅಲುಗಾಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು. ಫೋನು ಬರುವಾಗ ಮಗಳು ಅದೇ ಸ್ಕರ್ಟು ಹಾಕಿಕೊಂಡು ಶಾಲೆಗೆ ಹೋಗಿಯಾಗಿತ್ತು.